ಸುಣ್ಣದ ಹೆಜ್ಜೆ

ಫೆಲ್ಗೇರಸ್ ಊರಿನ ಆ ಹೊಲಿಗೆ ಷೆಡ್ಡಿನಲ್ಲಿ
ಹದಿನಾಲ್ಕು ಮಷೀನು, ಹದಿನಾಲ್ಕು ಬಾಗಿದ ಬೆನ್ನು.
ನಾನು ಹದಿನೈದನೆಯವಳು, ಮಷೀನಿಲ್ಲದವಳು,
ಬೂಟಿನ ತೊಗಲಿನಿಂದ ದಾರದ ಬಾಲ ಕತ್ತರಿಸುವವಳು.

ಅಕ್ಟೋಬರಿನಲ್ಲಿ ಜರ್ಮನಿಯಿಂದ ದೊಡ್ಡ ಆರ್ಡರು ಬಂತು.
ದಿನಕ್ಕೆ ಇನ್ನೂರು ಜೊತೆ ಬೇಕು,
ತಿಪ್ಪರಲಾಗ ಹಾಕಿದರೂ ಆಗುತ್ತಿದ್ದದ್ದು ನೂರರವತ್ತು.
ಯಜಮಾನ ಅಬೀಲಿಯು ಕನ್ನಡಕ ಒರೆಸುತ್ತ ಅಂದ:
‘ಆರಕ್ಕೆ ಬೇಡ, ಇನ್ನು ಎಂಟಕ್ಕೆ ಬೀಗ ಹಾಕೋಣ.’
ಯಾರೂ ತುಟಿ ಬಿಚ್ಚಲಿಲ್ಲ.
ಬಾಡಿಗೆ ಕಟ್ಟುವವರ ಮೌನಕ್ಕೆ
ಸಹಿಯ ಬೆಲೆ ಇರುತ್ತದೆ.

ದೆವೊಲಿಂದಾ ಮಾತ್ರ
ಹಲ್ಲಲ್ಲಿ ಕಚ್ಚಿದ್ದ ಸೂಜಿ ತೆಗೆದು ಹೇಳಿದಳು:
‘ಒಂದು ವಾರ ಕೊಡಿ. ಆಮೇಲೆ ನಿಮ್ಮ ಎಂಟು ಗಂಟೆ.’

ಮಾರನೆಯ ದಿನ ತೊಗಲಿಗೆ ಗೆರೆ ಎಳೆಯುವ ಸುಣ್ಣದ ಕಡ್ಡಿಯನ್ನು
ನಮ್ಮೆಲ್ಲರ ಚಪ್ಪಲಿಯ ಅಡಿಗೆ ಉಜ್ಜಿದಳು,
ಸವೆದಾಗಲೆಲ್ಲ ಮತ್ತೆ ಉಜ್ಜಿದಳು.
ನಗು ತಡೆಯಲಾಗಲಿಲ್ಲ ನಮಗೆ.
‘ನಡೀರಿ,’ ಅಂದಳು, ‘ದಿನಾ ನಡೆದ ಹಾಗೇ.’

ಸಂಜೆ ದೀಪ ಹಾಕಿದಾಗ
ನೆಲ ಬಾಯಿಬಿಟ್ಟಿತ್ತು.
ದಾರದ ಕಪಾಟಿಗೆ ಗಾಡಿಜಾಡಿನಷ್ಟು ದಪ್ಪ ಬಿಳಿ ದಾರಿ.
ಎಡಗಾಲಿನ ರಾಶಿಯಿಂದ ಬಲಗಾಲಿನ ರಾಶಿಗೆ
ಕಳೆದ ಜೊತೆ ಹುಡುಕಿದ ಅಂಕುಡೊಂಕು.
ಚಾರ್ಜಿಗಿಟ್ಟ ಫೋನುಗಳ ಮೇಜಿಗೆ
ಇರುವೆ ಸಾಲಿನ ಹಾಗೆ ಹೋದದ್ದು, ಬಂದದ್ದು, ಮತ್ತೆ ಹೋದದ್ದು.
‘ನೋಡಿಕೊಳ್ಳಿ,’ ಅಂದಳು, ‘ಮಂಗಳವಾರ ಸೋರಿದ್ದು ಇಲ್ಲಿ.’

ಗಾಣದೆತ್ತೂ ದಿನವಿಡೀ ನಡೆಯುತ್ತದೆ,
ಯಾವ ಊರೂ ಬರುವುದಿಲ್ಲ.

ಕಪಾಟನ್ನು ನಾಲ್ವರು ಎಳೆದು ನಡುವಿಗೆ ತಂದೆವು,
ಅದರ ಹಿಂದೆ ಸತ್ತ ಇಲಿ, ಎರಡು ಹಳೆಯ ನಾಣ್ಯ.
ಕತ್ತರಿಸಿದ ಕೂಡಲೇ ಎಡಕ್ಕೆ ಬಲ ಕಟ್ಟುವುದು ನನ್ನ ಕೆಲಸವಾಯಿತು.
ಫೋನುಗಳು ಬಿಸ್ಕತ್ತಿನ ಡಬ್ಬಿಗೆ,
ಊಟದ ಹೊತ್ತಿಗೆ ಮುಚ್ಚಳ ತೆರೆದರೆ
ಎಲ್ಲ ಒಟ್ಟಿಗೆ ಗುಂಯ್ಗುಡುವ ಜೇನುಗೂಡು.
ಸೂಜಿ ಮುರಿಯುವ ತನಕ ಕಾಯಬೇಡಿ, ಅಂದಳು,
ಮೊಂಡಾದ ಸದ್ದು ಕಿವಿಗೆ ಬಿದ್ದರೆ ಬದಲಿಸಿ.

ಒಂದು ಗೆರೆ ಮಾತ್ರ ಉಳಿದಿತ್ತು:
ಜುಲ್ಮೀರಾಳ ಮಷೀನಿನಿಂದ ಕೊನೆಯ ಕಿಟಕಿಗೆ.
ಅಬೀಲಿಯು ಬೂಟಿನ ತುದಿಯಿಂದ ತೋರಿಸಿದ:
‘ಇದು? ಇದು ಯಾವ ಕೆಲಸಕ್ಕೆ?’
ಹತ್ತೂವರೆಗೆ ಕೆಳಗಿನ ಶಾಲೆಯ ಅಂಗಳದಲ್ಲಿ
ಅವಳ ಮಗಳು ಹಗ್ಗ ಜಿಗಿಯುತ್ತಾಳೆ.
ದೆವೊಲಿಂದಾ ಜುಲ್ಮೀರಾ ಹೊಲಿದ ಬೂಟೊಂದನ್ನು ಅವನ ಕೈಗಿಟ್ಟಳು:
‘ಕಿಟಕಿಯಿಂದ ಬಂದ ಮೇಲೆ ಹೊಲಿದದ್ದು.
ಬಿಚ್ಚಿ ಹೊಲಿಯಬೇಕಾದ್ದು ಒಂದಿದ್ದರೆ ಹೇಳಿ.’
ಅವನು ತಿರುಗಿಸಿ ತಿರುಗಿಸಿ ನೋಡಿದ.
ಗೆರೆ ಹಾಗೇ ಉಳಿಯಿತು.

ಶುಕ್ರವಾರ ಐದು ಮೂವತ್ತೈದಕ್ಕೆ
ಇನ್ನೂರ ನಾಲ್ಕನೆಯ ಜೊತೆ ಪೆಟ್ಟಿಗೆಗೆ ಬಿತ್ತು.
ಅಬೀಲಿಯು ಗೋಡೆಯ ಗಡಿಯಾರ ನೋಡಿದ,
ಅವನ ಕಣ್ಣಲ್ಲಿ ಹೊಸ ಲೆಕ್ಕ ಮೊಳೆಯುವುದು ನನಗೆ ಕಂಡಿತು.
‘ಇನ್ನೂ ಇಪ್ಪತ್ತೈದು ನಿಮಿಷ ಇದೆಯಲ್ಲ?’
‘ಇದೆ,’ ಅಂದಳು ದೆವೊಲಿಂದಾ.
‘ನಮ್ಮದು. ನೆಲದಿಂದ ಹೆಕ್ಕಿದ್ದು.’
ಮಷೀನಿನ ಪ್ಲಗ್ಗು ಕಿತ್ತಳು.
ಒಂದಾದ ಮೇಲೊಂದು ಹದಿಮೂರು ಪ್ಲಗ್ಗು.
ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ,
ಹೋಗಿ ಬಾಗಿಲ ಚಿಲಕ ತೆಗೆದ.

ಹೊರಗೆ ಇನ್ನೂ ಬೆಳಕು!
ದ್ರಾಕ್ಷಿತೋಟದ ದಿಬ್ಬ ಬೂಟಿನ ಬಣ್ಣಕ್ಕೆ ತಿರುಗಿತ್ತು.
ಜುಲ್ಮೀರಾ ಮುಚ್ಚುವ ಮೊದಲೇ ಮೀನಂಗಡಿಗೆ ಓಡಿದಳು,
ನಾನು ಗೋಡೆಯೊಂದರ ಮೇಲೆ ಸುಮ್ಮನೆ ಕೂತೆ.

ದೆವೊಲಿಂದಾ ಐದು ನಲವತ್ತರ ಬಸ್ಸಿಗೆ ಹತ್ತಿ,
ಕಿಟಕಿಗೆ ತಲೆಯಾನಿಸಿ, ನಿದ್ದೆಹೋಗಿ,
ತನ್ನ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಇಳಿದಳಂತೆ.
ಅಲ್ಲಿಂದ ಮನೆಗೆ
ಕಿತ್ತಳೆ ಸುಲಿಯುತ್ತ ನಡೆದಳಂತೆ,
ಎಷ್ಟು ಹೆಜ್ಜೆ ಅಂತ
ಸೋಮವಾರ ಕೇಳಿದರೆ
ಗೊತ್ತಿಲ್ಲ ಅಂದಳು.