ಮೀಸೆ ಉಳಿದ ಗಾಲಿ

ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ
ಕಾಂಟಾದ ಎದುರಿಗೆ ನನ್ನ ಟೈರಿನ ಅಂಗಡಿ.
ಜ್ಯೋತಿಷಿ ಅಂಗೈ ನೋಡುತ್ತಾನೆ, ನಾನು ರಬ್ಬರು ನೋಡುತ್ತೇನೆ:
ಯಾವನು ನಿದ್ದೆಗಣ್ಣಲ್ಲಿ ಕಟ್ಟೆ ಸವರಿ ಬಂದ,
ಯಾವನಿಗೆ ಬ್ರೇಕಿನ ಮೇಲೆ ಸಿಟ್ಟು,
ಯಾವ ಶೇಠ್ ಗಾಳಿ ಹಾಕಿಸಲೂ ಜಿಪುಣ.

ಮಂಗಳವಾರ ಸಂಜೆ ಗೈಬೀಸಾಬನ ಗಾಡಿ ಬಂತು.
ಹನ್ನೆರಡು ಗಾಲಿ. ಎಂಟು ಬೋಳು,
ಒಂದರಲ್ಲಿ ತಂತಿ ಹಲ್ಲು ಕಿರಿಯುತ್ತಿದೆ.
ನಡುವಿನ ನಾಲ್ಕಕ್ಕೆ ಮಾತ್ರ
ಕಾರ್ಖಾನೆಯ ಎಳೆಮೀಸೆ ಇನ್ನೂ ಉದುರಿಲ್ಲ,
ಮದುವೆಮನೆಯಲ್ಲಿ ಎಂಜಲೆಲೆ ಎತ್ತದ ಅಳಿಯಂದಿರ ಹಾಗೆ.

"ಇವು ನೆಲಾ ಮುಟ್ಟಿ ಎಷ್ಟ ದಿನಾ ಆತೋ ತಮ್ಮಾ?"
ಬೀಡಿ ತುಟಿಯಿಂದ ತೆಗೆದ. ನಕ್ಕ. ಇಂಡಿ ಕಡೆಯ ಹುಡುಗ,
ನನ್ನ ಮಾತಿನವನು, ಸುಳ್ಳು ಹೇಳಲು ನಾಚಿಕೊಂಡ.

"ಎತ್ತಿದ ಟೈರು ಸವೆಯೂದಿಲ್ಲ ಅಂತಾನ ಕಾಳಭೋರ ಶೇಠ್.
ಆರ್‌ಟಿಓ ಕಂಡ್ರ ಇಳಸ್ತೀನಿ ಕಾಕಾ.
ಘಾಟಿನ್ಯಾಗ ಮಳಿ ಹತ್ತಿದ್ರ ಹಿಂದಿನ ಗಾಲಿ ಜಾರತಾವ,
ಗುಂಡಿ ಒತ್ತಿದ್ರ ನಡುವಿನವು ಮ್ಯಾಲೇಳತಾವ,
ಗಾಡಿ ನೆಲಾ ಕಚ್ಚಿ ಹಿಡೀತದ. ಆಮ್ಯಾಲ..."

ಆಮೇಲೆ ಮರೆತುಬಿಡುತ್ತಾನೆ.
ಖಂಡಾಲಾ ದಾಟಿ, ಲೋಣಾವಳಾ ದಾಟಿ, ತಳೇಗಾಂವ ಟೋಲಿನ ತನಕ
ಇಪ್ಪತ್ತಮೂರು ಟನ್ನಿನ ಉಕ್ಕಿನ ಸುರುಳಿ
ಎಂಟರ ತಲೆಯ ಮೇಲೆ.
ನಾಲ್ಕು, ಗಾಳಿಯಲ್ಲಿ, ಸುಖವಾಗಿ.

ಅಂಗಿಯ ಗುಂಡಿ ಬಿಚ್ಚಿ ತೋರಿಸಿದೆ ಅವನಿಗೆ.
ಎಡಹೆಗಲಲ್ಲಿ ಒಂದು ತಗ್ಗು, ಮೂರು ಬೆರಳು ಹಿಡಿಸುವಷ್ಟು.
ಟೈರಿಗೆ ಬರುವ ಮುಂಚೆ ನಾನು ಇಲ್ಲೇ ಮಾಥಾಡಿ.
ಆರು ಜನ ಒಂದು ಗರ್ಡರು ಹೊತ್ತಾಗ
ಯಾರೂ ಯಾರ ಮುಖವನ್ನೂ ನೋಡುವುದಿಲ್ಲ, ನೋಡಬೇಕಿಲ್ಲ.
ಒಬ್ಬ ಎರಡು ಬೆರಳಷ್ಟು ಹೆಗಲು ತಗ್ಗಿಸಿದರೂ
ಸುದ್ದಿ ಕಬ್ಬಿಣದ ಒಳಗಿನಿಂದಲೇ ಬರುತ್ತದೆ.
ದಗಡೂ ಘುಲೆ ತಗ್ಗಿಸಿದ, ಒಂದು ಕ್ಷಣ.
ಒಳ್ಳೆಯವನು, ಹಲ್ಲುನೋವಿತ್ತು ಪಾಪ.
ಈ ತಗ್ಗು ಅವನದು.

ಬರಿಗೈಲಿ ಹಿಂದಿರುಗುವಾಗ ಮಾತು ಬೇರೆ.
ಆಗ ಯಾರಾದರೂ ಕೈ ಬೀಸಿ ನಡೆಯಲಿ, ಸಿಳ್ಳೆ ಹಾಕಲಿ,
ಯಾರ ಹೆಗಲೂ ಲೆಕ್ಕ ಕೇಳುವುದಿಲ್ಲ.
ಖಾಲಿ ಗಾಡಿಗೆ ಎತ್ತು, ಗೈಬೀ, ಧಾರಾಳ ಎತ್ತು,
ಡೀಸೆಲ್ಲೂ ಉಳಿಯಲಿ, ಅಳಿಯಂದಿರೂ ಉಳಿಯಲಿ.
ಜಾರಿದರೆ ಎತ್ತು, ನಾಲ್ಕು ಮಾರು;
ಹಿಡಿತ ಸಿಕ್ಕಿದೊಡನೆ ಇಳಿಸು.
ಕ್ರೇನು ಸುರುಳಿ ಇಡುವ ಮುಂಚೆಯೇ ಇಳಿಸು, ಇಟ್ಟಮೇಲಲ್ಲ.
ಇಳಿಜಾರಿನಲ್ಲಂತೂ ಎತ್ತಬೇಡ,
ನೆಲ ಬಿಟ್ಟ ಗಾಲಿಗೆ ಬ್ರೇಕು ಇದ್ದೂ ಇಲ್ಲ.
ಮತ್ತೆ ಕೆಳಗೆ ಬಗ್ಗಿ ಕಿವಿಗೊಡು: ಗಾಳಿಚೀಲ ಬುಸ್ಸೆಂದರೆ
ಎದುರಿನ ಮುಳ್ಳು ಏನೇ ಹೇಳಲಿ, ನಂಬಬೇಡ.
ಘುಲೆಯ ಹೆಗಲೂ ಗರ್ಡರನ್ನು ಮುಟ್ಟಿಯೇ ಇತ್ತು.

ಅವನು ಕೇಳಿದ್ದು ಅರ್ಧ.
ಉಳಿದರ್ಧ ಫೋನಿನಲ್ಲಿ ಶೇಠ್‌ಗೆ ಹೂಂಗುಟ್ಟುತ್ತಿದ್ದ.
ತಂತಿ ಕಂಡ ಟೈರು ಬದಲಿಸಿಕೊಟ್ಟೆ.
ದುಡ್ಡು ಮುಂದಿನ ಟ್ರಿಪ್ಪಿಗೆ ಎಂದ.

ಎರಡು ತಿಂಗಳಾದ ಮೇಲೆ, ಒಂದು ಭಾನುವಾರ,
ನ್ಹಾವಾಶೇವಾದಿಂದ ಖಾಲಿ ಬರುತ್ತಿದ್ದ ಗಾಡಿ
ಅಂಗಡಿಯ ಮುಂದೆ ಸ್ವಲ್ಪ ನಿಧಾನಿಸಿತು.
ನಾಲ್ಕೂ ಎತ್ತಿದ್ದವು. ಒಂದು ಸುಮ್ಮನೆ ತಿರುಗುತ್ತಿತ್ತು
ಕೆಲಸ ಮುಗಿಸಿ ಕಟ್ಟೆಯ ಮೇಲೆ ಕೂತವನು
ಕಾಲು ಅಲ್ಲಾಡಿಸುವ ಹಾಗೆ.
ಬಗ್ಗಿ ನೋಡಿದೆ.
ಮೀಸೆ ಉದುರಿತ್ತು.

ಗೈಬೀ ಹಾರ್ನ್ ಹೊಡೆದ, ನಿಲ್ಲಿಸಲಿಲ್ಲ.
ದುಡ್ಡು ಇನ್ನೂ ಬರಬೇಕು.