ಸೊನ್ನೆಯಿಂದ ಎಣಿಸುವುದು

ಇಪ್ಪತ್ತಾರು ವರ್ಷ ಒಂದರಿಂದಲೇ ಎಣಿಸಿದವಳು ನಾನು.
ಹಾಜರಿ ಪುಸ್ತಕ, ಉತ್ತರಪತ್ರಿಕೆಯ ಕಟ್ಟು,
ಮೂಲ್ಕಿಯಿಂದ ಬರುವಾಗ ಉಳಿದ ಸ್ಟಾಪುಗಳು.
ಟೈಪ್‌ರೈಟರ್ ಬಿಟ್ಟು ಎಕ್ಸೆಲ್ಲಿಗೆ ಬಂದಾಗಲೂ
ಸಾಲು ಶುರುವಾದದ್ದು ಒಂದರಿಂದ; ಹಾಗಾಗಿ
ಲೋಕ ಅಷ್ಟೇನೂ ಬದಲಾಗಿಲ್ಲವೆಂದು ತಿಳಿದಿದ್ದೆ.

ಬಿಜೈಯ ಈ ಮೂರನೇ ಮಾಳಿಗೆಯಲ್ಲಿ (ಲಿಫ್ಟು ಕೆಟ್ಟಿದೆ)
ಏದುಸಿರು ಇಳಿಯುವ ಮೊದಲೇ ಅಫೀಫಾ ಹೇಳುತ್ತಾಳೆ,
ಉಳ್ಳಾಲದ ಹುಡುಗಿ, ಇಪ್ಪತ್ತೈದು ಇರಬಹುದು:
"ಪಟ್ಟಿಯಲ್ಲಿ ಮೊದಲನೆಯದರ ನಂಬರು ಸೊನ್ನೆ, ಟೀಚರ್."

"ಎಂತ ಸೊನ್ನೆ ಮಾರಾಯ್ತಿ," ಪಕ್ಕದ ಕುರ್ಚಿಯಿಂದ ಗಿಲ್ಬರ್ಟ್ ಸರ್,
ನಿವೃತ್ತಿಗೆ ಹದಿನಾಲ್ಕು ತಿಂಗಳು ಇರುವಾಗ
ಸರ್ಕ್ಯುಲರು ಬಂತೆಂದು ಬಂದವರು,
ಊಟದ ಕೂಪನ್ನು ಕಿಸೆಯಲ್ಲೇ ಉಂಟೋ ಎಂದು ಮುಟ್ಟಿ ಮುಟ್ಟಿ ನೋಡುವವರು.
"ಮೊದಲು ಬಂದವನಿಗೆ ಸೊನ್ನೆಯಾ? ಯಾವ ಊರಿನ ನ್ಯಾಯ ಇದು?"
ಯಾರೂ ನಗಲಿಲ್ಲ. ಎಲ್ಲರೂ ಬರೆದುಕೊಂಡರು.

ಎರಡನೇ ದಿನ
ಸಾಲಿನ ಮುಂದೆ ನಾಲ್ಕು ಖಾಲಿ ಬಿಡಬೇಕು,
ಬಿಟ್ಟ ಜಾಗಕ್ಕೂ ಅರ್ಥ ಉಂಟು ಪೈಥಾನಿನಲ್ಲಿ.
ನನ್ನ ಹೆಬ್ಬೆರಳಿಗೆ ಗೊತ್ತಿರುವುದು ಐದು.
ಪ್ಯಾರಾ ಅಂದರೆ ಐದು, ಜೂನಿಯರ್ ಟೈಪಿಂಗಿನಲ್ಲಿ
ಆರಾದರೆ ಅಂಕ ಹೋಗುತ್ತಿತ್ತು.
ಮಧ್ಯಾಹ್ನದವರೆಗೆ ಕೆಂಪಕ್ಷರದಲ್ಲಿ ಬೈಸಿಕೊಂಡೆ.
ತಲೆ ಬೇಗ ಒಪ್ಪಿಕೊಳ್ಳುತ್ತದೆ,
ಹೆಬ್ಬೆರಳು ಹಳೆಯ ಮೇಷ್ಟ್ರಿಗೆ ನಿಷ್ಠ.

ನಾಲ್ಕನೇ ದಿನ ಆದಿತ್ಯವಾರ. ಬಸ್ಸು ಖಾಲಿ, ಬೇಗ ಮುಟ್ಟಿದೆ.
ಐತಪ್ಪಣ್ಣ ಆಗಲೇ ಬಂದಿದ್ದಾರೆ,
ಒಂದೊಂದು ಯಂತ್ರದ ಹತ್ತಿರವೂ ಬಗ್ಗಿ ಫ್ಯಾನಿನ ಸದ್ದು ಕೇಳುತ್ತ:
"ಇದಕ್ಕೆ ಶೀತ. ಇದು ಎರಡು ಸಲ ಎಬ್ಬಿಸಿದರೆ ಮಾತ್ರ ಏಳುವುದು.
ಆ ಮೂಲೆಯದರಲ್ಲಿ ಇರುವೆ ಇತ್ತು,
ಕರ್ಪೂರ ಇಟ್ಟಿದ್ದೇನೆ, ಸಾಹೇಬರಿಗೆ ಹೇಳಬೇಡಿ."
ಆದಿತ್ಯವಾರವೂ ಡ್ಯೂಟಿಯಾ, ಕೇಳಿದೆ.
"ಹುಟ್ಟಿದ್ದೇ ಐತಾರ, ಹೆಸರೂ ಅದೇ.
ರಜೆ ಯಾರ ಹತ್ತಿರ ಕೇಳುವುದು?"

ಅಂದೇ ಅಫೀಫಾ ವಾರದ ಲೆಕ್ಕ ತೋರಿಸಿದಳು:
ಪೈಥಾನಿಗೆ ಸೋಮವಾರ ಸೊನ್ನೆ,
ಬೇರೆ ಕೆಲವು ಭಾಷೆಗಳಲ್ಲಿ ಆದಿತ್ಯವಾರ.
ಬಾಗಿಲ ಕಡೆ ನೋಡಿದೆ. ನೀರಿನ ಕ್ಯಾನು ಹೆಗಲಲ್ಲಿಟ್ಟು
ಕೊನೆಯ ಮೆಟ್ಟಿಲು ಹತ್ತುತ್ತಿದ್ದರು.

ಹಾಜರಿ ಪಟ್ಟಿಯಲ್ಲಿ ನಾವು ಇಪ್ಪತ್ತೆಂಟು ಮಂದಿ. ಒಂದರಿಂದ.

ಐದನೇ ದಿನ ಪ್ರಮಾಣಪತ್ರ. ವಾರಿಜಾ ಹೋಗಿ ವಿರಾಜಾ ಆಗಿದ್ದೇನೆ,
ತಿದ್ದಿಸಲು ಅರ್ಜಿ ಬೇಕಂತೆ.
ಫಾರ್ಮಿನ ಎಲ್ಲ ಪ್ರಶ್ನೆಗೂ "ಉತ್ತಮ" ಎಂದು ಗೀಚಿ
ಜನ ಬಸ್ಸಿಗೆ ಓಡಿದರು. ಅಫೀಫಾ ಕೆಳಗೆ, ವೋಚರಿಗೆ ಸಹಿ ಹಾಕುತ್ತ.
ಗಿಲ್ಬರ್ಟ್ ಸರ್ ಮಾತ್ರ ಎದ್ದಿಲ್ಲ.
ನಮ್ಮೆಲ್ಲರ ಹೆಸರನ್ನು ಪಟ್ಟಿ ಮಾಡಿದ್ದಾರೆ,
ಸೊನ್ನೆಯ ಜಾಗದಲ್ಲಿ ಐತಪ್ಪ.
ಸುತ್ತಿನಲ್ಲಿ ಒಂದು ಕೂಡಿಸುವುದು ಮರೆತಿದೆ:
ಎಣಿಕೆ ಸೊನ್ನೆ ಬಿಟ್ಟು ಕದಲುತ್ತಿಲ್ಲ.
ಐತಪ್ಪ ಐತಪ್ಪ ಐತಪ್ಪ ಐತಪ್ಪ
ಪರದೆ ತುಂಬಿ ಮೇಲಕ್ಕೆ ಹರಿಯುತ್ತಿದೆ.
"ನಿಲ್ಲಿಸುವುದು ಹೇಗೆ ಟೀಚರ್?" ನನಗೂ ಗೊತ್ತಿಲ್ಲ.

ಬೀಗದ ಕೈ ಹಿಡಿದು ಬಂದರು,
ಕನ್ನಡಕ ಹಣೆಯಿಂದ ಇಳಿಸಿ ಓದಿದರು.
ಮತ್ತೆ ಓದಿದರು.
"ಪ ಒತ್ತು ಸರಿ ಕೂತಿಲ್ಲ," ಎಂದರು.
ಆಮೇಲೆ, "ಗಂಟೆ ಐದಾಯ್ತು,"
ಗೋಡೆಯ ಮೇನ್ ಸ್ವಿಚ್ಚು ಕೆಳಗೆಳೆದರು.

ಶೀತದ ಯಂತ್ರ ಮಾತ್ರ
ಇನ್ನೂ ಸ್ವಲ್ಪ ಹೊತ್ತು ಗೊರಗೊರ ಎಂದಿತು.