ಐನೂರ ಒಂಬತ್ತು ಗೂಡು

ನಾಜ್ನೀನ್‌ಳ ಮನೆಲೆಕ್ಕ ಒಂದೂವರೆ ಸಾಲಿನದು:
ಮಂಗಳೂರಿಂದ ತಿರುಪತಿಗೆ ನೇರ ಹಾರಿದರೆ
ದೂರವೆಷ್ಟು, ಹೊತ್ತೆಷ್ಟು?
ಆ ದಾರಿಗೆ ವಿಮಾನ ಉಂಟೋ ಇಲ್ಲವೋ ಮೇಷ್ಟ್ರು ಹೇಳಿಲ್ಲ,
ಅಳತೆಪಟ್ಟಿ ಮನೆಯಲ್ಲಿಲ್ಲ.

ಶಿಡ್ಲಘಟ್ಟದಲ್ಲಿ ಪಟ್ಟಿ ಯಾಕೆ, ಎಳೆಯಿದೆ.
ಅವಳಮ್ಮ ತಾಹೆರಾ ಕುದಿನೀರಿಂದ ಒಂದನ್ನು ಎತ್ತಿ
ಬೆರಳಿಗೆ ಸುತ್ತಿ ಕೊಟ್ಟಳು.
ನಾನು ಗೂಡಿನ ಮಾರುಕಟ್ಟೆಯಲ್ಲಿ ಇಪ್ಪತ್ತಾರು ವರ್ಷ ತೂಗಿದವನು;
ಒಂದು ತುದಿ ಹಿಡಿ ಮಾಮ ಎಂದಳು ಹುಡುಗಿ, ಹಿಡಿದೆ,
ಸಮುದ್ರದ ಕಡೆಯದು.

ಎಳೆ ನಕ್ಷೆಯ ಮೇಲೆ ಕಾಣಲೇ ಇಲ್ಲ.
ಉಸಿರು ಬಿಗಿಹಿಡಿದು, ಓರೆಯಾಗಿ, ಬೆಳಕಿಗೆ ಕಣ್ಣಿಟ್ಟು
"ಇದು ನಮ್ಮ ಮೇಲೇ ಹೋಗುತ್ತೆ!" ಅಂದಳು.
ಹೌದು. ನಕ್ಷೆಯವರು ಹೆಸರು ಬರೆಯದ ನಮ್ಮೂರು,
ಚಿಕ್ಕಬಳ್ಳಾಪುರಕ್ಕೂ ಚಿಂತಾಮಣಿಗೂ ನಡುವಿನ ಬರೀ ಹಳದಿ,
ಅದರ ನೆತ್ತಿ ಸವರಿ ಹೋಗಿತ್ತು.

ದೂರ, ಐನೂರ ಒಂಬತ್ತೋ ಹತ್ತೋ.
ಒಂಬತ್ತು ಅಂತ ಬರಿ ಅಂದೆ,
ತೂಕದಲ್ಲಿ ನಾನು ಒಂದು ಕಡಿಮೆಯೇ ಹಿಡಿಯುವವನು.
ಏರಿ ಇಳಿಯುವುದು ಸೇರಿ ಒಂದು ಗಂಟೆ ಹತ್ತು ನಿಮಿಷ.
ನೆಲದ ಮೇಲಾದರೆ ಘಟ್ಟ ಹತ್ತಿ, ಬಸ್ಸು ಬದಲಿಸಿ,
ಇಡೀ ರಾತ್ರಿ, ಮೇಲೊಂದು ಬೆಳಗು.

ಅದರಲ್ಲಿ ನಮ್ಮೂರಿನ ಪಾಲು
ಈ ತುದಿಯ ಮನೆಯಿಂದ ಆ ತುದಿಯ ಕೆರೆಗೆ
ಇಪ್ಪತ್ತು ಸೆಕೆಂಡು.
ಬೆಂದ ಹುಳದ ವಾಸನೆ ಅಷ್ಟು ಮೇಲೆ ಏರುವುದಿಲ್ಲ.
ಇಪ್ಪತ್ತು ಸೆಕೆಂಡಿನಲ್ಲಿ ತಾಹೆರಾ
ಒಂದು ಗೂಡಿನ ತುದಿ ಹುಡುಕುತ್ತಾಳೆ,
ಸಿಕ್ಕರೆ.

ನನಗೆ ತೂಕದ ಚಟ, ಸುಮ್ಮನಿರಲಾಗಲಿಲ್ಲ:
ಒಳ್ಳೆ ಬಿಳಿ ಗೂಡಾದರೆ ಒಂದೊಂದರ ಎಳೆ
ಹತ್ತಿರ ಹತ್ತಿರ ಒಂದು ಕಿಲೋಮೀಟರು.
ಮಂಗಳೂರು ತಿರುಪತಿ ಅಂದರೆ ಐನೂರ ಒಂಬತ್ತು ಗೂಡು,
ಒಂದು ಕೆಜಿಯೂ ತೂಗದು.
ಹರಾಜಿನಲ್ಲಿ ಯಾರೂ ಕೂಗದ ಸರಕು,
ಸಂಜೆ ಜಗಲಿ ಗುಡಿಸಿದರೆ ಅದಕ್ಕಿಂತ ಹೆಚ್ಚು ಸಿಕ್ಕುತ್ತದೆ.
ಅಷ್ಟರೊಳಗೂ ರೆಕ್ಕೆ ಮೂಡಬೇಕಿತ್ತು.
ಮೂಡಿದ್ದರೂ ಹಾರುವ ಜಾತಿಯಲ್ಲ, ಬಿಡಿ.

ತಾಹೆರಾ ತಲೆಯೆತ್ತದೆ ನಕ್ಕಳು:
"ಒಂಟಿ ಎಳೆ ಯಾವ ಮಗ್ಗಕ್ಕೆ, ದ್ಯಾವಪ್ಪಣ್ಣ?
ಎಂಟು ಕೂಡಿದರೆ ಒಂದು ನೂಲು.
ಎಂಟರಿಂದ ಭಾಗಿಸಿ."

ಭಾಗಿಸಿದೆವು.
ಅರವತ್ಮೂರೂವರೆ, ಮೇಲೆ ಚೂರು.
ಅಷ್ಟು ದೂರ ಬೆಳಗಿನ ಮೊದಲ ಬಸ್ಸು ಹೋಗುತ್ತದೆ.
ನೂಲಿನ ಗಂಟು ಕಾಲಡಿ ಇಟ್ಟುಕೊಂಡು
ತಾಹೆರಾ ಹೋಗುವ ದೂರ, ಮೆಜೆಸ್ಟಿಕ್ಕಿಗೆ,
ಮಧ್ಯಾಹ್ನಕ್ಕೆ ವಾಪಸು.

ನಾಜ್ನೀನ್ ಮಾತ್ರ ಮೊದಲಿನ ಉತ್ತರವನ್ನೇ ಬರೆದಳು,
ಅಡಿಯಲ್ಲಿ ಎರಡು ಗೆರೆ ಎಳೆದು.
ತನ್ನ ತುದಿ ಬಿಟ್ಟಳು, ತಿರುಪತಿ ಎಲ್ಲಿ ಬಿತ್ತೋ
ಹುಡುಕಿದರೂ ಸಿಗಲಿಲ್ಲ.

ಮಾರನೆಯ ದಿನ ತೂಕದ ಮುಂದೆ ನಿಂತು
ಚೀಟಿ ಬರೆಯುವಾಗ ಏನೋ ತಡವರಿಸಿತು:
ಹೆಬ್ಬೆರಳಿಗೆ ಅಂಟಿಕೊಂಡೇ ಇತ್ತು
ಮಂಗಳೂರು.